ಕೈ ಮೇಲಿನ ಕೈ

ಅಜವಾನ ಹಾಕಿ ಕಾಯಿಸಿದ ಕುಸುಬಿ ಎಣ್ಣೆಯ ವಾಸನೆ ಅಡುಗೆಮನೆ ದಾಟಿ ಪಡಸಾಲೆಗೂ ಬಂದಿದೆ. ಜೊತೆಗೆ ಒಂದಷ್ಟು ಬೆಳ್ಳುಳ್ಳಿ ಎಸಳು. ಈ ಚಳಿಗಾಲ ನನ್ನ ಬಲಗೈ ಬೆರಳಿನ ಗೆಣ್ಣುಗಳು ಮುನಿಸಿಕೊಂಡಿವೆ. ಮುಂಜಾನೆ ಎದ್ದು ಚಹಾದ ಬಟ್ಟಲು ಹಿಡಿಯಬೇಕೆಂದರೂ ಅವುಗಳ ಅಪ್ಪಣೆ ಕೇಳಬೇಕು. ಡಾಕ್ಟರು ವಯಸ್ಸಾಯಿತು ಎಂದರು. ಅಷ್ಟೇನೂ ಆಗಿಲ್ಲ ಎಂದು ನಾನು ವಾದಿಸಿದೆ, ಅವರು ನಕ್ಕು ಗುಳಿಗೆ ಬರೆದುಕೊಟ್ಟರು. ಗುಳಿಗೆ ಕಪಾಟಿನಲ್ಲಿದೆ, ಎಣ್ಣೆ ಒಲೆಯ ಮೇಲಿದೆ. ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆರೆಯುತ್ತಿದ್ದಾರೆ. ತೆರೆಯಲಿ ಬಿಡಿ. ನನಗೆ ಇದು ಎಣ್ಣೆಯ ವಾಸನೆಯಲ್ಲ, ಒಂದು ಬಸ್ಸಿನ ವಾಸನೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುತ್ತಿದ್ದ ಮುಂಜಾನೆಯ ಬಸ್ಸು, ಅದರ ಎಡಗಡೆಯ ಕಿಟಕಿ, ಆ ಕಿಟಕಿಯ ಪಕ್ಕ ಅಕ್ಕೋರು...

ನಮ್ಮ ಕಡೆ ಪಾಠ ಹೇಳುವ ಹೆಣ್ಣುಮಕ್ಕಳೆಲ್ಲ ಅಕ್ಕೋರೇ. ಆದರೆ ಕಮಲಾಪುರದಲ್ಲಿ ಬರೀ 'ಅಕ್ಕೋರು' ಅಂದರೆ ಅವರೊಬ್ಬರೇ. ನಾನು ಆ ಶಾಲೆಗೆ ಹೊಸದಾಗಿ ಸೇರಿದಾಗ ಊರಿನವರು ಗೊಂದಲ ಬೇಡವೆಂದು ಅವರನ್ನು ದೊಡ್ಡ ಅಕ್ಕೋರು ಮಾಡಿದರು, ನನ್ನನ್ನು ಸಣ್ಣ ಅಕ್ಕೋರು. ಆ 'ಸಣ್ಣ' ನನಗೆ ಚುಚ್ಚುತ್ತಿತ್ತು. ಫಸ್ಟ್ ಕ್ಲಾಸಿನಲ್ಲಿ ಟಿ.ಸಿ.ಎಚ್. ಮುಗಿಸಿದವಳು ನಾನು, ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಸರ್ಟಿಫಿಕೇಟನ್ನು ಯಾರೂ ಓದಿಲ್ಲವೇ ಎಂದು ಮೊದಲ ತಿಂಗಳೆಲ್ಲ ಒಳಗೊಳಗೇ ಉರಿದುಕೊಂಡಿದ್ದೆ.

ಅಕ್ಕೋರ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿತ್ತು. ಹಳೇ ಕಾಲದ ಮಡಿ ಮನೆ. ಅತ್ತೆಯ ಜೊತೆ ಮರಾಠಿ, ಓಣಿಯವರ ಜೊತೆ ಕನ್ನಡ, ತರಕಾರಿಯವನ ಜೊತೆ ಉರ್ದು. ನಸುಕಿನಲ್ಲೇ ಎದ್ದು ದೇವರ ಮನೆಯ ಕೆಲಸ, ಅಡುಗೆಯ ಕೆಲಸ ಎಲ್ಲ ಮುಗಿಸಿ, ಭಕ್ರಿಯ ಡಬ್ಬಿ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅವರು ಅರ್ಧ ದಿನದ ದುಡಿಮೆ ಮುಗಿಸಿರುತ್ತಿದ್ದರು. ಆದರೂ ಸೀರೆಯ ನಿರಿಗೆ ಒಂದೂ ಆಚೀಚೆ ಆಗಿರುತ್ತಿರಲಿಲ್ಲ. ನಾನು ಮಾತ್ರ ಕೂದಲು ಹಾರಿಸಿಕೊಂಡು ಓಡೋಡಿ ಬಂದು, ಅವರು ಕರವಸ್ತ್ರ ಹಾಕಿ ಹಿಡಿದಿಟ್ಟ ಜಾಗದಲ್ಲಿ ಕೂರುತ್ತಿದ್ದೆ. ಕಪನೂರ ಬರುವತನಕ ನಿಂತವರ ಮೊಣಕೈ ನಮ್ಮ ತಲೆಗೆ ತಾಕುತ್ತಿತ್ತು. ಅಲ್ಲಿ ಕಾರ್ಖಾನೆಗಳಿಗೆ ಹೋಗುವವರೆಲ್ಲ ಇಳಿದ ಮೇಲೆ ಬಸ್ಸಿಗೆ ಉಸಿರು ಬರುತ್ತಿತ್ತು, ಅಕ್ಕೋರಿಗೆ ಮಾತು ಬರುತ್ತಿತ್ತು.

ಅವರು ಸೇರಿದ ವರ್ಷದಿಂದ ಒಂದನೇ ತರಗತಿಯನ್ನು, ನಮ್ಮ ಕಡೆಯ ಮಾತಿನಲ್ಲಿ ಒಂದನೇತ್ತಾವನ್ನು, ಬಿಟ್ಟುಕೊಟ್ಟವರಲ್ಲ. ಉಳಿದ ನಾವೆಲ್ಲ ಆ ತರಗತಿಯನ್ನು ಕಂಡರೆ ದೂರ ಸರಿಯುತ್ತಿದ್ದೆವು. ಮೂಗು ಒರೆಸಬೇಕು, ಚಡ್ಡಿಯ ಗುಂಡಿ ಹಾಕಬೇಕು, ಅಳುವವರನ್ನು ಎತ್ತಿಕೊಳ್ಳಬೇಕು. ಏಳನೇತ್ತಾಕ್ಕೆ ಯಾರು ಬೇಕಾದರೂ ಕಲಿಸುತ್ತಾರೆ, ಒಂದನೇತ್ತಾಕ್ಕೆ ಕೈ ಬೇಕು ಎಂಬುದು ಅವರ ವಾದ. ಏಳನೇತ್ತಾಕ್ಕೆ ಕಲಿಸುತ್ತಿದ್ದ ನಮ್ಮ ಹೆಡ್‌ಮಾಸ್ತರರ ಎದುರೇ ಇದನ್ನು ಹೇಳುತ್ತಿದ್ದರು. ಅವರು ಪಾಪ, ಪೇಪರು ಓದುವಂತೆ ನಟಿಸುತ್ತಿದ್ದರು.

ಕೈ ಬೇಕು ಅಂದದ್ದು ಬರೀ ಮಾತಲ್ಲ. ಜೂನ್ ತಿಂಗಳ ಒಂದು ಸೋಮವಾರ ಹೊಸ ಮಕ್ಕಳಿಗೆ ಮೊದಲ ಅಕ್ಷರ ಬರೆಸುವುದು ಆ ಊರಲ್ಲಿ ಹಬ್ಬದ ಹಾಗೆ ನಡೆಯುತ್ತಿತ್ತು. ಪ್ರತಿ ಮನೆಯಿಂದ ಒಂದು ಹಿಡಿ ಜೋಳ ತರುತ್ತಿದ್ದರು. ಎಲ್ಲರ ಜೋಳವೂ ಒಂದೇ ಹಿತ್ತಾಳೆ ತಾಟಿಗೆ ಬೀಳುತ್ತಿತ್ತು. ಅಕ್ಕೋರು ಶಾಲೆಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು ಜೋಳದಲ್ಲಿ ದೊಡ್ಡದಾಗಿ 'ಅ' ಬರೆಸುತ್ತಿದ್ದರು. ಸರ್ಕಾರದ ಪುಸ್ತಕ 'ರ ಗ ಸ ದ' ಎಂದು ಶುರುವಾಗುತ್ತಿತ್ತು, ಇವರು ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಬರೆಸಿದ ಮೇಲೆ ಆ ಕಲೆತ ಜೋಳದಿಂದ ಪ್ರತಿ ಮನೆಯವರೂ ಒಂದೊಂದು ಹಿಡಿ ತೆಗೆದುಕೊಂಡು ಹೋಗಿ ಹಿಂಗಾರಿಯ ಬೀಜದಲ್ಲಿ ಬೆರೆಸುತ್ತಿದ್ದರು. ಯಾರ ಮನೆಯ ಜೋಳ ಯಾರ ಹೊಲಕ್ಕೆ ಹೋಯಿತೆಂದು ಕೇಳುವವರಿರಲಿಲ್ಲ. ಅಕ್ಕೋರೂ ತಮ್ಮ ಪಾಲಿನ ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಆ ಮಡಿ ಮನೆಗೇ ಒಯ್ಯುತ್ತಿದ್ದರು.

ಅಕ್ಕೋರು ಬರೆಸಿದರೆ ಅಕ್ಷರ ಹತ್ತುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಅವರು ಬರೆಸಿದ ಹುಡುಗರು ಬೆಳೆದು ತಮ್ಮ ಮಕ್ಕಳನ್ನು ಕರೆತರುತ್ತಿದ್ದರು. ಅದೆಲ್ಲ ಏನಿಲ್ಲ ಬಿಡ್ರಿ ಎಂದು ಅಕ್ಕೋರು ಬಾಯಲ್ಲಿ ಹೇಳುತ್ತಿದ್ದರು, ಮುಖ ಮಾತ್ರ ಅರಳಿರುತ್ತಿತ್ತು.

ಎರಡು ಸಾವಿರದ ಆರನೇ ಇಸವಿಯ ಬೇಸಿಗೆಯಲ್ಲಿ ಚಿಕೂನ್‌ಗುನ್ಯಾ ಬಂತು. ಆ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ, ಕೀಲಿನ ಜ್ವರ ಅಂದುಬಿಟ್ಟರು. ನಾಕು ದಿನ ಮೈ ಸುಡುವ ಜ್ವರ, ಆಮೇಲೆ ತಿಂಗಳುಗಟ್ಟಲೆ ಕೀಲು ನೋವು. ಸತ್ತವರ ಸುದ್ದಿ ಕಡಿಮೆ, ಆದರೆ ನೆಟ್ಟಗೆ ನಿಂತವರೂ ಕಡಿಮೆ. ಕಲಬುರಗಿಯಲ್ಲಿ ರೋಜಾ ಓಣಿಯಿಂದ ಬಸ್‌ಸ್ಟ್ಯಾಂಡಿನತನಕ ಯಾವ ದವಾಖಾನೆ ನೋಡಿದರೂ ಹೊರಗೆ ನೆಲದ ಮೇಲೆ ಮಂದಿ. ಹದಿಹರೆಯದವರೂ ಗೋಡೆ ಹಿಡಿದು ನಡೆಯುತ್ತಿದ್ದರು. ನನಗೆ ಮೇ ತಿಂಗಳಲ್ಲೇ ಬಂದು ಹೋಯಿತು. ಅಕ್ಕೋರಿಗೆ ಶಾಲೆ ಶುರುವಾಗುವ ಹೊತ್ತಿಗೆ ಬಂತು.

ಶಾಲೆ ತೆರೆದಾಗ ಆ ಬಸ್ಸನ್ನು ನೋಡಬೇಕಿತ್ತು. ಮೆಟ್ಟಿಲು ಹತ್ತಲು ಒಬ್ಬೊಬ್ಬರಿಗೂ ಎರಡು ಕಡೆ ಆಸರೆ ಬೇಕು. ಕಂಡಕ್ಟರನಿಗೂ ಬಂದಿತ್ತು, ಅವನು ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತುಬಿಡುತ್ತಿದ್ದ, ಟಿಕೀಟು ಕೈಯಿಂದ ಕೈಗೆ ದಾಟಿ ಹಿಂದಕ್ಕೆ ಬರುತ್ತಿತ್ತು. ಬಸ್ಸಿನ ತುಂಬ ಅಜವಾನ, ಬೆಳ್ಳುಳ್ಳಿ, ಕುಸುಬಿ ಎಣ್ಣೆ. ರಸ್ತೆಯಲ್ಲಿ ಕುಣಿ ಬಂದಾಗೆಲ್ಲ ಒಬ್ಬರು ಯವ್ವಾ ಅಂದರೆ ಇನ್ನೊಬ್ಬರು ಅಮ್ಮೀ ಅನ್ನುತ್ತಿದ್ದರು. ಅಕ್ಕೋರಿಗೆ ಮಾತ್ರ ನೋವು ಮರಾಠಿಯಲ್ಲೇ ಬರುತ್ತಿತ್ತು, ಆಯಿ ಗ... ಎಂದು. ಒಮ್ಮೆ ಹಾಗಂದವರು ತಾವೇ ನಕ್ಕುಬಿಟ್ಟರು.

"ನೋಡ್ ತಂಗಿ, ಬಸ್ಸಿನ್ಯಾಗ ಎಲ್ಲಾರೂ ತಮ್ಮ ತಮ್ಮ ಅವ್ವನ್ನೇ ಕರೀಲಾಕತ್ತಾರ. ಒಬ್ಬರೂ ಗಂಡನ್ನ ಕರೀಲಿಲ್ಲ."

ಶಾಲೆಯಲ್ಲಿ ಪ್ರಾರ್ಥನೆ ಕೂತೇ ನಡೆಯುತ್ತಿತ್ತು. ಅರ್ಧ ಮಕ್ಕಳು ಬರುತ್ತಿರಲಿಲ್ಲ. ಬಿಸಿಯೂಟದ ಅಡುಗೆಯಾಕೆ ಮಲಗಿದ್ದಳು, ಯಾರಾದರೊಬ್ಬ ತಾಯಿ ಬಂದು ಬೇಳೆಯ ಪಾತ್ರೆ ಇಳಿಸಿಕೊಟ್ಟು ಹೋಗಬೇಕಾಗಿತ್ತು. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆಂದು ಆರೋಗ್ಯ ಇಲಾಖೆಯವರು ಹೇಳಿ ಹೋದ ದಿನವೇ ಅಕ್ಕೋರು ಶಾಲೆಯ ತೊಟ್ಟಿಯೊಳಗೆ ಇಣುಕಿದರು. ಬಾಲ ಅಲ್ಲಾಡಿಸುವ ಹುಳ ಕಂಡವು. ಅಷ್ಟೂ ನೀರು ಚೆಲ್ಲಿಸಿದರು. ನಮ್ಮ ಕಡೆ ನೀರು ಚೆಲ್ಲುವುದೆಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ನಳ ಯಾವಾಗ ಬರುತ್ತದೋ ಎಂದು ಹಂಡೆ, ಕೊಡ, ತಂಬಿಗೆಯನ್ನೂ ಬಿಡದೆ ತುಂಬಿಡುವ ಮಂದಿ ನಾವು. ಮಕ್ಕಳು ಮನೆಗೆ ಹೋಗಿ ಅಕ್ಕೋರು ಚೆಲ್ಲಲು ಹೇಳಿದ್ದಾರೆ ಎಂದಾಗ ತಾಯಂದಿರು ಜಗಳಕ್ಕೇ ಬಂದರು. ಅಕ್ಕೋರು ಬೈಸಿಕೊಂಡರು, ಮರುವಾರ ಮತ್ತೆ ಚೆಲ್ಲಿಸಿದರು. ಬ್ರಹ್ಮಪುರದ ಮನೆಯಲ್ಲಿ ಅತ್ತೆಯ ಮಡಿ ನೀರಿನ ಹಂಡೆಯನ್ನೂ ಚೆಲ್ಲಿದ್ದರಂತೆ. ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು ಎಂದು ನಗುತ್ತ ಹೇಳಿದ್ದರು.

ಆದರೆ ಅವರ ಬಲಗೈ ಹೋಗಿತ್ತು. ಬೆರಳುಗಳೆಲ್ಲ ಊದಿ, ಮಡಚಿದರೆ ಮಡಚದೆ, ಬಿಡಿಸಿದರೆ ಬಿಡಿಸದೆ ಹಾಗೇ ನಿಂತುಬಿಟ್ಟಿದ್ದವು. ಕಮಲಾಪುರದ ಕೆಂಪು ಬಾಳೆಹಣ್ಣು ಕೈಗೇ ಬಂದಿವೆ ಎಂದು ಮಕ್ಕಳಿಗೆ ತೋರಿಸಿ ನಗಿಸುತ್ತಿದ್ದರು. ಸುಣ್ಣದಕಡ್ಡಿ ಹಿಡಿದರೆ ಜಾರಿ ಬೀಳುತ್ತಿತ್ತು. ಬಿದ್ದದ್ದನ್ನು ಎತ್ತಿಕೊಡಲು ಹೋದರೆ ಸಿಡುಕುತ್ತಿದ್ದರು. ಅಷ್ಟು ವರ್ಷ ಕರಿಹಲಗೆಯ ಮೇಲೆ ಮುತ್ತು ಪೋಣಿಸಿದಂತೆ ಬರೆದವರಿಗೆ ಅದು ಎಂಥ ಸಂಕಟವಾಗಿತ್ತೆಂದು ಇಂದು ನನ್ನ ಬೆರಳುಗಳಿಗೆ ತಿಳಿಯುತ್ತಿದೆ.

ಅಕ್ಷರದ ಸೋಮವಾರ ಬಂತು. ಈ ವಾರ ಬೇಡ, ಬರುವ ಸೋಮವಾರ ಎಂದರು ಅಕ್ಕೋರು. ಬರುವ ಸೋಮವಾರವೂ ಹಾಗೇ ಹೋಯಿತು. ಮಳೆ ಹಿಡಿಯಿತು, ಜೂನ್ ಮುಗಿಯಿತು, ಒಂದನೇತ್ತಾದ ಮಕ್ಕಳು ಹುಣಸೆಬೀಜ ಆಡುತ್ತ ಕೂತಿದ್ದವು. ಮೊದಲ ಅಕ್ಷರವೇ ಆಗದೆ ಎರಡನೆಯದನ್ನು ಕಲಿಸುವುದು ಹೇಗೆ? ಹೆಡ್‌ಮಾಸ್ತರರಿಗೆ ಚಿಂತೆ ಹತ್ತಿತು. ಅಕ್ಕೋರನ್ನು ಕೇಳಲು ಧೈರ್ಯವಾಗದೆ ನನ್ನನ್ನು ಕರೆದು ನೀವೇ ಬರೆಸಿಬಿಡಿ ಎಂದರು. ನನಗೆ ಒಳಗೆ ಹಿಗ್ಗು. ತಾಟು ತೊಳೆದು ಕಟ್ಟೆಯ ಮೇಲೆ ಹೋಗಿ ಕೂತೆ. ಬಂದ ತಾಯಂದಿರು ನನ್ನನ್ನು ನೋಡಿ ಮಕ್ಕಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಒಬ್ಬಾಕೆ, ನನಗೆ ನೋವಾಗಬಾರದೆಂದು, ನೀವೂ ಛಲೋನೇ ಕಲಿಸುತ್ತೀರಿ, ಮೊದಲಿನದೊಂದು ಮಾತ್ರ ದೊಡ್ಡ ಅಕ್ಕೋರ ಕೈಯಿಂದಲೇ ಆಗಲಿ ಎಂದಳು. ನಾನು ಖಾಲಿ ತಾಟು ಹಿಡಿದು ಒಳಗೆ ಬಂದು, ಏನೂ ಬರೆಯದಿದ್ದ ಹಲಗೆಯನ್ನು ಜೋರಾಗಿ ಒರೆಸಿದೆ. ಅಕ್ಕೋರು ಕುರ್ಚಿಯಲ್ಲಿ ಕೂತು ಎಲ್ಲ ನೋಡಿದ್ದರು. ಸುಳ್ಳು ಏಕೆ ಹೇಳಲಿ, ಅವರ ಮುಖದಲ್ಲಿ ಒಂದು ಸಣ್ಣ ಸಮಾಧಾನ ಕಂಡೆ. ಆ ಕ್ಷಣ ಅವರ ಮೇಲೆ ನನಗೆ ಭಾರೀ ಸಿಟ್ಟು ಬಂತು.

ಆ ವಾರವೇ ಒಬ್ಬ ಅಜ್ಜಿ ಬಂದಳು, ಮೊಮ್ಮಗಳನ್ನು ಕರೆದುಕೊಂಡು. ಹುಡುಗಿಯ ತಾಯಿ ಬಾಳೆ ತೋಟಕ್ಕೆ ಕೂಲಿಗೆ ಹೋಗುವಾಕೆ. ಮನೆಯಲ್ಲಿ ಎಳೇ ಕೂಸು ಬೇರೆ ಇತ್ತು. ಅಜ್ಜಿ ಅಕ್ಕೋರ ಊದಿದ ಕೈಯನ್ನು ಬಹಳ ಹೊತ್ತು ನೋಡಿ ಲೊಚಗುಟ್ಟಿದಳು.

"ಈ ವರ್ಷ ಇರ್ಲಿ ಬಿಡ್ರಿ ಅಕ್ಕೋರೆ. ನಿಮ್ಮ ಕೈ ಆರಾಮಾಗ್ಲಿ, ಮುಂದಿನ ವರ್ಷ ತರ್ತೀನಿ. ಅಲ್ಲೀತನಾ ಮನ್ಯಾಗ ಕೂಸಿನ್ನ ಆಡಸ್ಕೋತ ಇರ್ತಾಳ."

ಅಕ್ಕೋರು ಗಾಬರಿಯಾಗಿ ಬೇಡ, ಈಗಲೇ ಇವರ ಕೈಯಿಂದ ಬರೆಸುತ್ತೇನೆ ಎಂದು ನನ್ನನ್ನು ತೋರಿಸಿದರು. ಅಜ್ಜಿ ಕೈ ಮುಗಿದಳು. ನಿಮ್ಮ ಕೈಯೇ ಬೇಕೆಂದಳು, ಮೊಮ್ಮಗಳ ರಟ್ಟೆ ಹಿಡಿದು ನಡೆದೇಬಿಟ್ಟಳು. ಹುಡುಗಿ ಗೇಟಿನತನಕ ಹಿಂದೆ ತಿರುಗಿ ನೋಡುತ್ತಲೇ ಹೋದಳು. ಆ ಮನೆಯ ಹಿರಿಯ ಹುಡುಗಿಯನ್ನೂ ಹೀಗೇ ಮುಂದಿನ ವರ್ಷ ಕಳಿಸುತ್ತೇವೆ ಎಂದಿದ್ದರಂತೆ. ಅವಳೀಗ ತಾಯಿಯ ಜೊತೆ ತೋಟಕ್ಕೆ ಹೋಗುತ್ತಿದ್ದಳು.

ಅಂದು ಸಂಜೆಯ ಬಸ್ಸಿನಲ್ಲಿ ಮಹಾಗಾಂವ ಕ್ರಾಸ್ ದಾಟುವತನಕ ಅಕ್ಕೋರು ಮುಂದಿನ ಸೀಟಿನ ಕಂಬಿಯನ್ನು ಹಿಡಿಯಲು ನೋಡುತ್ತಿದ್ದರು. ಬೆರಳು ಸುತ್ತುತ್ತಿರಲಿಲ್ಲ. ಮತ್ತೆ ನೋಡಿದರು, ಮತ್ತೆ...

"ತಂಗಿ, ಅಕ್ಕೋರ ಕೈ ಛಲೋ ಅದ, ಅಕ್ಕೋರ ಕೈ ಛಲೋ ಅದ ಅಂತ ಇಷ್ಟ್ ವರ್ಷ ಅನ್ನಿಸ್ಕೊಂಡೆ. ಹಂಗೇನಿಲ್ಲಾ ಅಂತ ಒಂದ್ ದಿನಾನೂ ಗಟ್ಟಿಸಿ ಹೇಳಲಿಲ್ಲ. ಕೇಳಾಕ ಖುಷಿ ಆಗ್ತಿತ್ತು. ಈಗ ಅದೇ ಕೈ ಆ ಹುಡುಗಿಗಿ ಅಡ್ಡ ಬಂತು ನೋಡು."

ಅವರ ಕಣ್ಣಲ್ಲಿ ನೀರಿತ್ತು. ಅಷ್ಟು ದಿನ ಹೊತ್ತುಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುದಿನ ಬಸ್ಸು ಇಳಿದ ಅಕ್ಕೋರು ಶಾಲೆಯ ಕಡೆ ತಿರುಗಲೇ ಇಲ್ಲ. ಕೆಸರಿನಲ್ಲಿ ಕಾಲು ಎಳೆದುಕೊಂಡು ಮೊದಲು ಆ ಅಜ್ಜಿಯ ಮನೆಗೆ, ಆಮೇಲೆ ಉಳಿದ ಮನೆಗಳಿಗೆ. ನಾನು ಹಿಂದೆ ಹಿಂದೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: ಜೋಳ ತಗೊಂಡು ಬರ್ರಿ, ಇವತ್ತು ನನ್ನ ಕೈಯಿಂದಲೇ ಬರೆಸುತ್ತೇನೆ. ಇವರಿಗೆ ಜ್ವರ ತಲೆಗೇ ಏರಿತೇನೋ ಎಂದು ನಾನು ಹೆದರಿದೆ. ಸುಣ್ಣದಕಡ್ಡಿ ಹಿಡಿಯಲಾಗದ ಕೈ ಕೂಸಿನ ಬೆರಳನ್ನು ಹೇಗೆ ಹಿಡಿದೀತು? ಊರ ಮುಂದೆ ಅವರ ಮರ್ಯಾದೆ ಹೋಗುತ್ತದಲ್ಲ ಎನ್ನುವ ಅಂಜಿಕೆ ನನಗೆ.

ಕಟ್ಟೆಯ ಮೇಲೆ ಮಂದಿ ನೆರೆದರು. ಅಕ್ಕೋರು ತಾಟು ಇಡಿಸಿದರು, ಜೋಳ ಸುರಿಸಿದರು. ಆಮೇಲೆ ನನ್ನನ್ನು ಕರೆದು ತಮ್ಮ ಪಕ್ಕದಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿಕೊಂಡರು. ಅಜ್ಜಿಯ ಮೊಮ್ಮಗಳನ್ನೇ ಮೊದಲು ಕರೆದು ನನ್ನ ತೊಡೆಯ ಮೇಲೆ ಕೂರಿಸಿದರು. ಕೂಸಿನ ಬೆರಳು ಹಿಡಿ ಎಂದರು. ಹಿಡಿದೆ. ಅವರು ತಮ್ಮ ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ನನ್ನ ಕೈ ಮೇಲೆ ಇಟ್ಟರು.

"ನೋಡವ್ವ, ಎಲ್ಲಾದಕ್ಕಿಂತ ಮ್ಯಾಲ ನನ್ನ ಕೈನೇ ಅದ. ಹೌದಿಲ್ಲೋ?"

ಅಜ್ಜಿ ಬಗ್ಗಿ ನೋಡಿದಳು. ಯೋಚಿಸಿದಳು. ಹೌದ್ರಿ ಎಂದಳು.

ಆ ಕೈ ಬಿಸಿಯಾಗಿತ್ತು, ಎಣ್ಣೆಯಿಂದ ಜಿಗುಟಾಗಿತ್ತು, ಮತ್ತೆ ಬಹಳ ಭಾರವಾಗಿತ್ತು. ನಾನು ಜೋಳದಲ್ಲಿ ಕೂಸಿನ ಬೆರಳು ಎಳೆದೆ. 'ಅ' ತಿರುವು ತೆಗೆದುಕೊಳ್ಳುವಲ್ಲಿ ಅಕ್ಕೋರ ಗೆಣ್ಣು ಅಲುಗಿ, ಆಯಿ ಗ... ಎಂದದ್ದು ನನ್ನ ಕಿವಿಗೆ ಮಾತ್ರ ಕೇಳಿತು. ನಾನು ಕೈ ನಿಲ್ಲಿಸಿದೆ. ಅವರು ತಮ್ಮ ಮೊಣಕಾಲಿನಿಂದ ನನ್ನ ಮೊಣಕಾಲನ್ನು ತಿವಿದರು, ನಡಿ ಎಂಬಂತೆ. ಅಕ್ಷರ ಪೂರ್ತಿಯಾಯಿತು. ಹುಡುಗಿ ಅದನ್ನು ನೋಡಿ, ಯಾರೂ ಹೇಳದೆಯೇ, ಅದರ ಪಕ್ಕ ತಾನೇ ಒಂದು ಸೊಟ್ಟ ಗೆರೆ ಎಳೆದಳು.

ಆಮೇಲೆ ಎರಡನೇ ಕೂಸು, ಮೂರನೇ ಕೂಸು. ಒಬ್ಬ ಅತ್ತ, ಒಬ್ಬಳು ಜೋಳ ಬಾಯಿಗೆ ಹಾಕಿಕೊಂಡಳು. ನಾನು ಮೈಮರೆತಿದ್ದೆ. ಎಷ್ಟನೆಯ ಮಗುವೋ ನೆನಪಿಲ್ಲ, ಅದರ ಬೆರಳು ತಿರುಗಿಸುವಾಗ ನನ್ನ ಕೈ ಹಗುರಾಗಿದೆ ಎನ್ನಿಸಿತು. ನೋಡಿದರೆ ಮೇಲೆ ಅಕ್ಕೋರ ಕೈ ಇರಲಿಲ್ಲ. ಅದು ಅವರ ಮಡಿಲಲ್ಲಿ ಸೆರಗಿನ ಕೆಳಗೆ ಮಲಗಿತ್ತು. ಯಾವಾಗ ತೆಗೆದರೋ! ನಾನು ಗಾಬರಿಯಿಂದ ಸುತ್ತ ನೋಡಿದೆ. ತಾಯಂದಿರು ಯಾರೂ ಕೈ ನೋಡುತ್ತಿರಲಿಲ್ಲ, ತಮ್ಮ ತಮ್ಮ ಮಕ್ಕಳ ಮುಖ ನೋಡುತ್ತಿದ್ದರು. ಅಕ್ಕೋರು ಕಣ್ಣಲ್ಲೇ ಮುಂದುವರಿಸು ಎಂದರು. ಉಳಿದವರಿಗೆಲ್ಲ ನಾನೊಬ್ಬಳೇ ಬರೆಸಿದೆ.

ಎಲ್ಲ ಮುಗಿದು ಜೋಳ ಹಂಚುವಾಗ ಆ ಅಜ್ಜಿ ತನ್ನ ಹಿಡಿ ತೆಗೆದುಕೊಳ್ಳಲು ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು:

"ನಾ ನೋಡೀನ್ರಿ ಸಣ್ಣ ಅಕ್ಕೋರೆ. ಯಾರ ಮುಂದೂ ಅನ್ನಾಂಗಿಲ್ಲ ತಗೋರಿ."

ಸಂಜೆ ಬಸ್ಸಿನಲ್ಲಿ ಯಾವ ಮಗುವಿನ ಹೊತ್ತಿಗೆ ಕೈ ತೆಗೆದಿರಿ ಎಂದು ಅಕ್ಕೋರನ್ನು ಕೇಳಿದೆ. ಅವರು ಕಿಟಕಿಯ ಆಚೆ ನೋಡುತ್ತ, ಯಾಕ, ಭಾರ ಕಡಿಮಿ ಆತೇನು ಎಂದರು. ಅಷ್ಟೇ, ಮುಂದೆ ಎಂದೂ ಹೇಳಲಿಲ್ಲ.

ಮಳೆಗಾಲ ಮುಗಿಯುತ್ತಿದ್ದಂತೆ ಜ್ವರ ಊರು ಬಿಟ್ಟಿತು. ಮಂದಿ ನೆಟ್ಟಗಾದರು, ಕಂಡಕ್ಟರ್ ಮತ್ತೆ ಎದ್ದು ಓಡಾಡುತ್ತ ಎಲ್ಲರನ್ನೂ ಬೈಯತೊಡಗಿದ. ಅಕ್ಕೋರ ಕೈ ಮಾತ್ರ ಮೊದಲಿನಂತೆ ಆಗಲಿಲ್ಲ. ಹಲಗೆಯ ಮೇಲಿನ ಅವರ ಅಕ್ಷರ ನಡುಗುತ್ತಿತ್ತು, ಅದಕ್ಕೆ ಅವರು ನನ್ನಿಂದ ಬರೆಸತೊಡಗಿದರು. ಮುಂದಿನ ಜೂನಿನಲ್ಲಿ ಊರಿನವರು ಜೋಳ ಹಿಡಿದು ಬಂದು ನೇರವಾಗಿ ನನ್ನ ಮುಂದೆ ನಿಂತರು. ತಾಟು ತಂದಿಟ್ಟವರು ಅಕ್ಕೋರೇ. ಅವರಿಗೆ ನೋವಾಗಿರಲಿಲ್ಲ ಎಂದು ಹೇಳಲಾರೆ, ಆದರೆ ಅಂದು ಎಲ್ಲರಿಗಿಂತ ಹೆಚ್ಚು ನಕ್ಕವರೂ ಅವರೇ. ಆ ವರ್ಷವೇ ನಿವೃತ್ತರಾದರು. ಅಜ್ಜಿಯ ಮೊಮ್ಮಗಳು ಏಳನೇತ್ತಾತನಕ ನಮ್ಮಲ್ಲೇ ಓದಿ, ಕಲಬುರಗಿಯ ಹಾಸ್ಟೆಲಿಗೆ ಹೋದಳು.

ಅಕ್ಕೋರು ಸೊಲ್ಲಾಪುರದ ಮಗಳ ಮನೆ ಸೇರಿದರು. ಪ್ರತಿ ಜೂನಿಗೂ ಬರುತ್ತೇನೆ ಎನ್ನುತ್ತಿದ್ದರು, ಒಮ್ಮೆಯೂ ಆಗಲಿಲ್ಲ. ನಾನೇ ಹೋಗಬೇಕಿತ್ತು... ದೀಪಾವಳಿಗೆ ಹೋಗೋಣ, ಬೇಸಿಗೆಗೆ ಹೋಗೋಣ ಎನ್ನುತ್ತಿರುವಾಗಲೇ ಒಂದು ದಿನ ಅವರ ಮಗಳ ಫೋನು ಬಂತು. ಎಲ್ಲ ಮುಗಿದು ವಾರವಾಗಿತ್ತು.

ಆಮೇಲೆ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ, ಒಂದನೇತ್ತಾದ ಮಕ್ಕಳಿಗೆ ಫೋನಿನಲ್ಲಿ ಪಾಠ ಮಾಡು ಎಂದರು. ಗೋಡೆಗೆ ಫೋನು ಒರಗಿಸಿ, ತಾಟಿನಲ್ಲಿ ಜೋಳ ಹರಡಿ, ನಾನೊಬ್ಬಳೇ 'ಅ' ಬರೆದು ತೋರಿಸುತ್ತಿದ್ದೆ. ಆ ಕಡೆ ಯಾವ ಕೂಸು ನೋಡುತ್ತಿತ್ತೋ, ಯಾವುದು ಎದ್ದು ಹೋಗಿತ್ತೋ. ಅಕ್ಕೋರು ಇದ್ದಿದ್ದರೆ ಕೇಳುತ್ತಿದ್ದೆ, ಮುಟ್ಟಬಾರದ ಕಾಲದಲ್ಲಿ ಕೈ ಎಲ್ಲಿಡಬೇಕು ಎಂದು. ಅವರಿಗೆ ಏನಾದರೂ ಹೊಳೆದೇ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ.

ಎಣ್ಣೆ ಈಗ ಹದವಾಗಿ ಆರಿದೆ. ಎಡಗೈಗೆ ಸ್ವಲ್ಪ ಸುರಿದುಕೊಂಡು ಬಲಗೈ ಮೇಲೆ ಇಟ್ಟೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಒತ್ತಿ ಹಿಡಿದೆ. ಬಿಸಿ ಅದೇ, ವಾಸನೆಯೂ ಅದೇ. ಆ ಭಾರ ಮಾತ್ರ ಬರಲಿಲ್ಲ.